ಎಂಟು ಇಲಿಗಳಿಗೆ ನೆನಪಿದ್ದ ಬಳೆ ಸದ್ದು

ಹೊಂಗನೂರಿನ ವೆಂಕಟಲಕ್ಷ್ಮಮ್ಮ ಸುಲಭಕ್ಕೆ ಬೆಚ್ಚುವ ಹೆಂಗಸಲ್ಲ. ಮನೆಯಲ್ಲಿ ರೇಷ್ಮೆ ಹುಳು ಸಾಕಿ, ಆಮೇಲೆ ನೂಲು ಬಿಚ್ಚುವ ಘಟಕದಲ್ಲೂ ದುಡಿದವಳು. ಕುದಿಯುವ ನೀರಿಗೆ ಬುಟ್ಟಿಗಟ್ಟಲೆ ಗೂಡು ಸುರಿಯುವಾಗ ಒಂದು ದಿನವೂ ಅಯ್ಯೋ ಅಂದವಳಲ್ಲ. 2006ರಲ್ಲಿ ಬಿಡದಿಯ ಕಾರ್ಖಾನೆಗಳ ಸಾಲಿನಲ್ಲಿ ನಮ್ಮ ಲ್ಯಾಬ್ ಶುರುವಾದಾಗ ಇಲಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ನಾನು ಅಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಇಲಿಗಳಿಗೆ ಇಂಥ ರಾಜೋಪಚಾರ ನನ್ನ ಮನೆಯಲ್ಲಿ ನನಗೂ ಇಲ್ಲ ಎಂದು ರೇಗಿಸುತ್ತಿದ್ದೆ.

ಉಪಚಾರ ನಿಜವೇ. ಕಣ್ಣು ಬಿಡದ ಮರಿಗಳಾಗಿದ್ದಾಗಿನಿಂದ ಅವುಗಳನ್ನು ಸಾಕಿದ್ದಳು. ಗೌನಿನ ತೋಳನ್ನು ಮಣಿಕಟ್ಟಿನವರೆಗೆ ಬಿಗಿದು ಅವಳು ಕೈ ಇಟ್ಟರೆ ಸಾಕು, ಬಂದು ಅಂಗೈ ಹತ್ತುತ್ತಿದ್ದವು.

ನೆನಪಿನ ಪರೀಕ್ಷೆ ಲ್ಯಾಬಿನ ವಿಜ್ಞಾನಿ ರಮ್ಯಾ ಮೇಡಂ ಅವರದು. ಮರೆವಿನ ಕಾಯಿಲೆಗೆ ಔಷಧಿ ಹುಡುಕುತ್ತಿದ್ದರು. ಆಳವಾದ ಪೆಟ್ಟಿಗೆಯೊಳಗೆ ಇಲಿಯನ್ನು ಬಿಡುವುದು, ಒಂದು ಪೀಪಿ ಸದ್ದು ಕೇಳಿಸುವುದು, ಹಿಂದೆಯೇ ಪಾದಕ್ಕೆ ಸಣ್ಣದೊಂದು ಕರೆಂಟು. ಮರುದಿನ ಬರೀ ಸದ್ದು ಕೇಳಿಸಿದರೂ ಇಲಿ ಕದಲದೆ ನಿಂತರೆ ಅದಕ್ಕೆ ನೆನಪಿದೆ ಎಂದರ್ಥ. ಪರೀಕ್ಷೆಗೆಂದು ಆರಿಸಿದ ಎಂಟು ಇಲಿಗಳನ್ನು ಪೆಟ್ಟಿಗೆಗೆ ಬಿಡುವ ಕೆಲಸ ವೆಂಕಟಲಕ್ಷ್ಮಮ್ಮನದು.

ಒಳಗೆ ಹೋಗುವ ಮುಂಚೆ ಒಡವೆ ಬಿಚ್ಚಿಡಬೇಕೆಂಬ ನಿಯಮವಿತ್ತು. ಓಲೆ, ಕಾಲ್ಚೈನು ಬಿಚ್ಚಿಟ್ಟಳು. ಹಸಿರು ಗಾಜಿನ ಬಳೆ ಬಿಚ್ಚಲಿಲ್ಲ. ಗಂಡ ಬದುಕಿರುವ ಹೆಂಗಸಿಗೆ ಅದು ಒಡವೆಯಲ್ಲ, ಕೈಯೇ. ಗೌನಿನೊಳಗೆ ಅವಿತ ಬಳೆ ಮೇಡಂ ಕಣ್ಣಿಗೂ ಬೀಳಲಿಲ್ಲ. ಆದರೆ ಪೆಟ್ಟಿಗೆ ಆಳ. ಇಲಿಯನ್ನು ಇಳಿಸುವಾಗ, ರೇಷ್ಮೆ ಹುಳುವಿಗೆ ಸೊಪ್ಪು ಹಾಕುವಾಗಿನ ಅಭ್ಯಾಸದಂತೆ, ಮೊಣಕೈವರೆಗೆ ತೋಳೇರಿಸುತ್ತಿದ್ದಳು.

ಅದೊಂದು ಶನಿವಾರ ಇಲಿಕೋಣೆಯಲ್ಲೇ ತೋಳೇರಿಸಿ ನೀರಿನ ಬಾಟಲು ತೊಳೆಯಲು ನಿಂತಳು. ಬಳೆ ಗಲ್ಲೆಂದವು. ಎಂಟೂ ಇಲಿಗಳು ಇದ್ದಲ್ಲೇ ಮರಗಟ್ಟಿದವು. ಒಂದರ ಬಾಯಲ್ಲಿ ಕಾಳು ಹಾಗೇ ಉಳಿದಿತ್ತು. ಅಲ್ಲೇ ಇದ್ದ ಮೇಡಂ ಇನ್ನೊಮ್ಮೆ ಕೈ ಆಡಿಸಲು ಹೇಳಿದರು. ಅದೇ ಕತೆ. ಲೆಕ್ಕ ಬರೆಯಲು ಬಂದಿದ್ದ ನನಗೂ ಅರ್ಥವಾಯಿತು. ಪೀಪಿಗಿಂತ ಮೊದಲು, ಕರೆಂಟಿನ ಮುನ್ಸೂಚನೆಯೆಂದು ಅವು ಕಲಿತಿದ್ದು ಬಳೆಯನ್ನು. ಮೇಡಂ ಅವರ ಎರಡು ತಿಂಗಳ ಕೆಲಸ ನೀರುಪಾಲಾಗಿತ್ತು.

ವೆಂಕಟಲಕ್ಷ್ಮಮ್ಮ ನೆಲದ ಮೇಲೆ ಕೂತಳು. ನನ್ನ ಕಡೆ ತಿರುಗಿ, "ನಾನು ಬೇಯ್ಸಿದ ಹುಳ ಒಂದೂ ನನ್ನ ಗುರ್ತು ಹಿಡೀಲಿಲ್ಲ ಕಣಣ್ಣ. ನಾನ್ ಸಾಕಿದ್ ಇವು ನನ್ ಕಂಡ್ರೇ ಹೆದರ್ಕತಾವೆ," ಎಂದಳು.

ಆ ಭಯ ಹೋಗುತ್ತದೆಯೇ ಎಂದು ಕೇಳಿದಳು. ಬಳೆ ಸದ್ದಾದಾಗಲೆಲ್ಲ ಕೆಟ್ಟದ್ದೇನೂ ಆಗದಿದ್ದರೆ ಮೆಲ್ಲಗೆ ಇಳಿಯುತ್ತದೆ, ದಿನ ಹಿಡಿಯುತ್ತದೆ ಎಂದರು ಮೇಡಂ. ಎಷ್ಟು ದಿನ ಟೈಮೈತೆ ಎಂದಳು. ಮಿದುಳು ಪರೀಕ್ಷಿಸಲು ಎಂಟನ್ನೂ ಗುರುವಾರ ಕೊಲ್ಲುವುದೆಂದು ಮೊದಲೇ ನಿಗದಿಯಾಗಿತ್ತು; ಪರೀಕ್ಷೆ ಕೆಟ್ಟರೂ, ಒಮ್ಮೆ ಬಳಸಿದ ಇಲಿಗಳನ್ನು ಉಳಿಸಿಕೊಳ್ಳುವಂತಿರಲಿಲ್ಲ.

ಭಾನುವಾರ ರಜೆಯಿದ್ದರೂ ಬಂದಳು. ಬುಧವಾರದವರೆಗೆ ದಿನವೂ ಪಂಜರದ ಮುಂದೆ ಕೂತು, ಬರಿಗೈಯಲ್ಲಿ ಕಡಲೆಬೀಜದ ಚೂರು ಹಿಡಿದು, ಬಳೆಯನ್ನು ಒಸಿ ಒಸಿಯೇ ಆಡಿಸಿದಳು. ಇನ್ನು ಲೆಕ್ಕಕ್ಕೆ ಬಾರದ ಇಲಿಗಳೆಂದು ಮೇಡಂ ಬೇಡವೆನ್ನಲಿಲ್ಲ. ನಾನೂ ಸ್ಟೋರ್ ಬಾಗಿಲು ಹಾಕಿ ಹೋಗಿ ನಿಲ್ಲುತ್ತಿದ್ದೆ.

ಬುಧವಾರ ಸಂಜೆಯ ಹೊತ್ತಿಗೆ, ಬಳೆ ಸದ್ದಾದರೂ ಮೂರು ಇಲಿ ಬಂದು ಕೈ ಹತ್ತಿದವು. ಗುರುವಾರ ಬೆಳಿಗ್ಗೆ, ತಾವೇ ಒಯ್ಯುವುದಾಗಿ ಮೇಡಂ ಹೇಳಿದರೂ ಕೇಳದೆ, ಎಂಟನ್ನೂ ಅವಳೇ ಎತ್ತಿಕೊಂಡು ಹೋದಳು. ಉಳಿದ ಐದು ಅವಳ ಕೈಯಲ್ಲಿ ಮರಗಟ್ಟಿಯೇ ಇದ್ದವು.