ದುರಸ್ತಿ ತಡವಾದದ್ದೇಕೆ

ಕೋಡ್ ಬರೆಯುವ ಎಐ ಏಜೆಂಟನ್ನು ಬಳಸಲು ನಾನು ಕಲಿತದ್ದು ಐವತ್ತೆರಡನೇ ವಯಸ್ಸಿನಲ್ಲಿ. ನಂಜನಗೂಡಿನ ನಮ್ಮ ಕಚೇರಿ ಸುತ್ತಲಿನ ಹಾಲಿನ ಕೇಂದ್ರಗಳ ಸರ್ವರ್‌ಗಳನ್ನು ನೋಡಿಕೊಳ್ಳುತ್ತದೆ. ಸರ್ವರ್ ನಿಂತರೆ ಹಾಲು ಅಳೆಯುವುದೂ ನಿಲ್ಲುತ್ತದೆ. ಒಂದು ಬೆಳಿಗ್ಗೆ ಟಿ. ನರಸೀಪುರದ್ದು ನಿಂತು, ಜನ ಕ್ಯಾನ್ ಹಿಡಿದು ಕಾದು, ಹಾಲಿನ ಲಾರಿ ತಪ್ಪಿ, ಎಷ್ಟೋ ಹಾಲು ಕೆಟ್ಟುಹೋಯಿತು.

ತಪ್ಪಿತಸ್ಥರನ್ನು ಎಲ್ಲರೆದುರು ತೋರಿಸಬೇಕೆಂದು, ನಮ್ಮ ಕಚೇರಿ ಗುಂಪಿನ ಸಂದೇಶಗಳನ್ನೂ ಸರ್ವರಿನ ದಾಖಲೆಗಳನ್ನೂ ಏಜೆಂಟಿಗೆ ಕೊಟ್ಟು, ಸಭೆಯಲ್ಲಿ ದೊಡ್ಡ ಪರದೆಯ ಮೇಲೆ ಕೇಳಿದೆ: ದುರಸ್ತಿ ತಡವಾದದ್ದೇಕೆ?

"ದುರಸ್ತಿಗೆ ಹಿಡಿದದ್ದು ಆರು ನಿಮಿಷ. ದೋಷ ಕಂಡ ಮೇಲೆ ವರದಿ ಬರಲು ನಲವತ್ತು ನಿಮಿಷ. ಒಳ್ಳೆಯ ಇಂಗ್ಲಿಷಿನಲ್ಲಿಲ್ಲದ ವರದಿಯನ್ನು ಓದುವುದಿಲ್ಲ ಎಂದು ಮುಖ್ಯಸ್ಥರು ಬರೆದಿದ್ದಾರೆ."

ಮುಖ್ಯಸ್ಥೆ ನಾನೇ. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ದೋಷ ಮೊದಲು ಕಂಡವಳು ನಮ್ಮ ಕಚೇರಿಯ ಕಿರಿಯ ತಂತ್ರಜ್ಞೆ, ಹುಲ್ಲಹಳ್ಳಿಯ ರೂಪಾ. "ಫೋನ್ ಮಾಡಬಹುದಿತ್ತಲ್ಲ?" ಎಂದೆ.

"ಮಾಡಿದ್ರೆ ಬರೆದು ಕಳಿಸು ಅಂತೀರಿ ಮೇಡಂ. ಬರೀತಿದ್ದೆ, ಅಳಿಸ್ತಿದ್ದೆ. ಹೋದ್ಸಲ ನನ್ ಇಂಗ್ಲಿಷ್ ಎಲ್ರ ಮುಂದೆ ಓದಿ ನಗಿಸಿದ್ರಲ್ಲ."

ಕಾನ್ವೆಂಟಿನಲ್ಲಿ ಕಲಿತ ಶಿಸ್ತನ್ನು ಇವರಿಗೂ ಕಲಿಸುತ್ತಿದ್ದೇನೆ ಎಂದೇ ಇಷ್ಟು ದಿನ ನಂಬಿದ್ದೆ. ಅಲ್ಲೇ, ಎಲ್ಲರೆದುರೇ, ಅವಳ ಕ್ಷಮೆ ಕೇಳಿದೆ.

ಮರುವಾರ ಅವಳಿಂದ ಸಂದೇಶ ಬಂತು: "ಮೇಡಂ, ಬನ್ನೂರಿಂದು ಮಲಗ್ಬುಟ್ಟದೆ, ಬೇಗ ನೋಡಿ." ತಿದ್ದಲು ಹೊರಟ ಕೈಯನ್ನು ತಡೆದು, "ನೋಡ್ತಿದೀನಿ ಕಣಮ್ಮ" ಎಂದು ಬರೆದೆ. ಆಡುಮಾತನ್ನು ಬರೆದು ಅಭ್ಯಾಸವಿಲ್ಲದ ನನಗೆ ಅಷ್ಟು ಬರೆಯಲು ಎರಡು ನಿಮಿಷ ಹಿಡಿಯಿತು. ಅಷ್ಟರಲ್ಲಿ, ನನ್ನ ಅಪ್ಪಣೆಗೆ ಕಾಯದೆ, ಅವಳೇ ಸರಿಪಡಿಸಿದ್ದಳು.