ಹೊಂಗೆ ಮರದ ಖಾಲಿ ವಾರ

ಯುಗಾದಿ ಕಳೆದ ಮೇಲೆ, ಉದುರಿ ಬಿಸಿಲಿಗೆ ಬಾಡಿದ ಹೊಂಗೆ ಹೂವಿನ ವಾಸನೆ ಮೂಗಿಗೆ ಬಿದ್ದರೆ ನಿಮಗೆ ಏನು ನೆನಪಾಗುತ್ತದೋ ಗೊತ್ತಿಲ್ಲ, ನನಗಂತೂ ಹೊಟ್ಟೆ ಉರಿಯುತ್ತದೆ. ಪಾಲಹಳ್ಳಿಯ ನಮ್ಮ ಕೂಡುಮನೆ, ಕೊಟ್ಟಿಗೆಯ ಹಿಂದಿದ್ದ ದೊಡ್ಡ ಹೊಂಗೆ, ಅದರ ಕೆಳಗೆ ಅಜ್ಜಿಯ ಕೈ ಹಿಡಿದು ನಿಂತ ಸುಧಾ, ಮೂರೂ ಒಟ್ಟಿಗೇ ಕಣ್ಣಿಗೆ ಬರುತ್ತವೆ. ಸುಧಾ ಚಿಕ್ಕಪ್ಪನ ಮಗಳು, ನನ್ನದೇ ತರಗತಿ. ಆಮೇಲೆ ಮನೆ ಪಾಲಾಯಿತು, ಕೊಟ್ಟಿಗೆ ಬಿತ್ತು, ಮರ ರಸ್ತೆಗೆ ಹೋಯಿತು. ಅಜ್ಜಿಯೂ ಹೋಗಿ ಬಹಳ ವರ್ಷವಾಯಿತು.

ನಾವು ಏಳನೇ ತರಗತಿಯಲ್ಲಿದ್ದಾಗ ವಿಜ್ಞಾನದ ಮೇಷ್ಟ್ರು ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟರು. ಒಂದು ಮರ ಆರಿಸಿಕೊಂಡು ಪ್ರತಿ ಭಾನುವಾರ ನೋಡಬೇಕು. ಚಿಗುರು, ಮೊಗ್ಗು, ಹೂ, ಕಾಯಿ ಇದೆಯೋ ಇಲ್ಲವೋ ಬರೆಯಬೇಕು. ಊರೂರಿನ ಜನ ಹೀಗೆ ಬರೆದು ಕಳಿಸಿದ್ದನ್ನೆಲ್ಲ ಸೇರಿಸಿ, ಕಾಲ ಹೇಗೆ ಬದಲಾಗುತ್ತಿದೆ ಎಂದು ವಿಜ್ಞಾನಿಗಳು ತಿಳಿಯುತ್ತಾರಂತೆ. ದೊಡ್ಡ ಓದು ಬೇಡ, ಕಣ್ಣಿದ್ದರೆ ಸಾಕು, ನೋಡಲಾಗದ ವಾರ ಊಹಿಸಿ ಬರೆಯದೆ ಖಾಲಿ ಬಿಡಿ ಎಂದಿದ್ದರು. ನಾನು ಜಂಬಕ್ಕೆ ನಾಲೆಯಾಚೆಯ ಮಾವಿನ ಮರ ಹಿಡಿದೆ. ಸುಧಾ ಹಿತ್ತಲ ಹೊಂಗೆಯನ್ನೇ ಆರಿಸಿದಳು. ಮಂಡಿನೋವಿನ ಅಜ್ಜಿ ನಾಲೆ ದಾಟಲಾರಳು, ಹಿತ್ತಲಿಗೆ ಬರಬಲ್ಲಳು. ಅದು ನನಗೆ ಹೊಳೆದೇ ಇರಲಿಲ್ಲ. ಪ್ರತಿ ಭಾನುವಾರ ನಾನೊಬ್ಬಳೇ ಮಾವಿನ ಕೆಳಗೆ ಕತ್ತೆತ್ತಿ ನಿಂತು ವಾಪಸು ಬರುವಾಗ ಅವರಿಬ್ಬರ ನಗು ಬೀದಿಗೇ ಕೇಳುತ್ತಿತ್ತು. ಅಜ್ಜಿಗೆ ಅಕ್ಷರ ಬಾರದು, ಆದರೂ ಎಲೆ ಸಂದಿಯ ಮೊಗ್ಗನ್ನು ಸುಧಾಗಿಂತ ಮೊದಲು ಅವಳೇ ತೋರಿಸುತ್ತಿದ್ದಳಂತೆ.

ಯುಗಾದಿಯ ಮರುವಾರ ಸುಧಾಗೆ ಜ್ವರ ಬಂತು. ಅಜ್ಜಿ ಅವಳ ಹಣೆಗೆ ಒದ್ದೆಬಟ್ಟೆ ಹಾಕುತ್ತಾ ಪಕ್ಕದಲ್ಲೇ ಕೂತಿದ್ದಳು. ಮನೆಯವರು ಯಾರು ನೋಡಿದರೂ ನಡೆಯುತ್ತಿತ್ತು, ಹಾಗಾಗಿ ನನ್ನನ್ನೇ ಹಿತ್ತಲಿಗೆ ಕಳಿಸಿದಳು ಸುಧಾ. ಹೋಗಿ ನೋಡುತ್ತೇನೆ, ಮರವೆಲ್ಲ ಜೇನುನೊಣಗಳ ಸದ್ದು, ನೆಲದ ಮೇಲೆ ಅರಳು ಚೆಲ್ಲಿದಂತೆ ಹೂ. ಮೊದಲ ಹೂವಿನ ವಾರ ಅದು. ತಿಂಗಳುಗಟ್ಟಲೆ ಅವಳು ಕಾದಿದ್ದು ಅದೊಂದಕ್ಕೇ. ಕೊಂಬೆಯ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಬಂದೆ. ಒಂದು ಹೂವೂ ಇಲ್ಲ ಎಂದೆ. ಅಜ್ಜಿ ನನ್ನನ್ನೇ ನೋಡಿ, ಮತ್ತೆ ಒದ್ದೆಬಟ್ಟೆ ಹಿಂಡಿದಳು. ಆ ವಾರದ ಜಾಗವನ್ನು ಸುಧಾ ಖಾಲಿ ಬಿಟ್ಟಳು, ಹಾಳೆ ಹಾಗೆಯೇ ಅಂಚೆಗೆ ಹೋಯಿತು. ನನ್ನ ಮಾತು ನಂಬಲಿಲ್ಲವಲ್ಲ ಎಂದು ನನಗೆ ಅದಕ್ಕೂ ಕೋಪ ಬಂದಿತ್ತು.

ಈಗ ನಾನು ಪಾಂಡವಪುರದಲ್ಲಿ ಟೀಚರು. ಈ ವರ್ಷ ನನ್ನ ಮಕ್ಕಳನ್ನೂ ಅದೇ ಕೆಲಸಕ್ಕೆ ಹಚ್ಚಿದ್ದೇನೆ. ಹಾಳೆಯ ಬದಲು ಮೊಬೈಲು, ಅಷ್ಟೇ. ದೇವಲಾಪುರಕ್ಕೆ ಮದುವೆಯಾಗಿ ಹೋದ ಸುಧಾ, ಹಾಲು ಕರೆದು ಡೈರಿಗೆ ಹಾಕಿ ಬಂದು, ಇವತ್ತಿಗೂ ಒಂದು ಭಾನುವಾರ ತಪ್ಪಿಸದೆ ಹುಣಸೆ ಮರ ನೋಡಿ ಬರೆಯುತ್ತಾಳೆ. ಅದಕ್ಕೂ ನನಗೆ ಉರಿಯೇ. ಮೊನ್ನೆ ತಡೆಯಲಾರದೆ ಫೋನಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ.

“ಗೊತ್ತಿತ್ತು ಕಣೆ,” ಎಂದಳು. “ನಿನ್ ಜಡೇಲೇ ಹೊಂಗೆ ಹೂವಿತ್ತಲ್ಲ. ಅಜ್ಜಿನೂ ನೋಡ್ತು. ನೀನು ಆಚೆಗೋದ್ಮೇಲೆ, ‘ಕೇಳ್ಬ್ಯಾಡ ಬುಡವ್ವ, ಖಾಲಿ ಬುಟ್ಬುಡು. ಆ ಮಗೀಗೂ ನನ್ ಕೈ ಇಡ್ಕೊಂಡು ಓಗ್ಬೇಕು ಅಂತ ಆಸೆ, ನಾಲೆ ದಾಟಕ್ಕೆ ನನ್ ಮಂಡಿ ಬುಡ್ನಿಲ್ಲ’ ಅಂತು.”

ಅಜ್ಜಿ ನನ್ನ ಬಗ್ಗೆ ಅಷ್ಟು ಅಕ್ಕರೆಯಿಂದ ಆಡಿದ ಮಾತು ಅದೊಂದೇ ಇರಬೇಕು. ಅದನ್ನೂ ಕೇಳಿಸಿಕೊಂಡವಳು ಸುಧಾ.