ಕಂಪ್ಯೂಟರಿಗೆ ಸುಸ್ತಾದ ದಸರೆ

ಕಂಪ್ಯೂಟರಿಗೂ ಅಂಗಿ ಹೊಲಿಸುತ್ತಿದ್ದ ಕಾಲ ಅದು. ಮಾನಿಟರಿಗೊಂದು, ಸಿಪಿಯುಗೊಂದು, ಕೀಬೋರ್ಡಿಗೊಂದು. ಯಾರ ಮನೆಗಾದರೂ ಕಂಪ್ಯೂಟರ್ ಬಂತೆಂದರೆ ಬೀದಿಯವರು ಚಪ್ಪಲಿ ಹೊರಗೆ ಬಿಟ್ಟು ಬಂದು, ಮುಟ್ಟದೆ ನೋಡಿ, ಕಾಫಿ ಕುಡಿದು ಹೋಗುತ್ತಿದ್ದರು. ಶ್ರೀರಾಂಪುರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ಆ ಸೈಟುಗಳಲ್ಲಿ ಕುಂಟೆಬಿಲ್ಲೆ ಆಡಿ ಮಣ್ಣುಕಾಲಲ್ಲಿ ಬಂದರೆ ಅಮ್ಮ ಬಾಗಿಲಲ್ಲೇ ತಡೆದು, "ಕಾಲು ತೊಳ್ಕೊಂಡು ಬಾ, ಕಂಪ್ಯೂಟರ್ ರೂಮು" ಅನ್ನುತ್ತಿದ್ದಳು. ಅದು ಕಂಪ್ಯೂಟರ್ ರೂಮೂ ಹೌದು, ಅಕ್ಕಿ ಮೂಟೆ ಇಡುವ ರೂಮೂ ಹೌದು. ಹೊಸ ಅಕ್ಕಿಯ ವಾಸನೆ, ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ ಎರಡೂ ಸೇರಿದರೆ ಇವತ್ತಿಗೂ ನನಗೆ ಅದೇ ಗೋಡೆ ಕಣ್ಣ ಮುಂದೆ ಬರುತ್ತದೆ.

ನಮ್ಮದು ಸೆಕೆಂಡ್ ಹ್ಯಾಂಡ್. ಉದಯಗಿರಿಯಲ್ಲಿ ಹಳೇ ಕಂಪ್ಯೂಟರಿನ ಅಂಗಡಿ ಇಟ್ಟಿದ್ದ ನಾಗೇಶಣ್ಣನಿಂದ ಅಮ್ಮ ಹಟ ಹಿಡಿದು ಅಪ್ಪನ ಕೈಲಿ ಕೊಡಿಸಿಕೊಂಡದ್ದು. ಅಲ್ಲಿಯವರೆಗೆ ಅವಳು ಸೀರೆಗೆ ಫಾಲ್ ಹಾಕುತ್ತಿದ್ದಳು. ಕತ್ತು ಬಗ್ಗಿಸಿ ಬಗ್ಗಿಸಿ ಹೆಗಲು ಹಿಡಿದುಕೊಂಡಿತ್ತು. ಮಧ್ಯಾಹ್ನದ ಹೊತ್ತು ಟೈಪಿಂಗ್ ಕ್ಲಾಸಿಗೆ ಹೋಗಿ ಕನ್ನಡ ಟೈಪಿಂಗ್ ಕಲಿತು, ಮನೆಯಲ್ಲೇ ಕೂತು ಲಗ್ನಪತ್ರಿಕೆ ಟೈಪ್ ಮಾಡಿಕೊಡುತ್ತೇನೆಂದು ಹೊರಟಿದ್ದಳು. ಹೂಟಗಳ್ಳಿಯ ಒಂದು ಫ್ಯಾಕ್ಟರಿಯ ಸ್ಟೋರಿನಲ್ಲಿದ್ದ ಅಪ್ಪನಿಗೆ ಇದರಲ್ಲಿ ನಂಬಿಕೆಯಿರಲಿಲ್ಲ. "ಕೊಡುಸ್ತೀನಿ. ಆದ್ರೆ ಒಂದ್ಸಲ ಕೆಟ್ರೂ ವಾಪಸ್ಸು. ರಿಪೇರಿ ಗಿಪೇರಿ ಅಂತ ನನ್ನತ್ರ ಬರಬೇಡ" ಅಂದಿದ್ದ. ಅಮ್ಮ ಒಂದೇ ಮಾತಿಗೆ ಒಪ್ಪಿಬಿಟ್ಟಳು. ಬೇಕಾದ ಸಾಮಾನು ಮನೆಯ ಹೊಸಲು ದಾಟುವವರೆಗೆ ಶರತ್ತಿನ ಮೇಲೆ ಜಗಳ ಆಡಬಾರದು. ನಾನು ಅವಳಿಂದ ಕಲಿತ ಮೊದಲ ವ್ಯಾಪಾರ ಇದು. ಈಗ ನಾನು ಹಳೆಯ ಫ್ರಿಡ್ಜು, ವಾಷಿಂಗ್ ಮಿಷನ್ನು ಕೊಂಡು ಸರಿಮಾಡಿಸಿ ಮಾರುವವಳು. ಅಂಗಡಿ ಯಾರೂ ಹಾಕಿಕೊಟ್ಟದ್ದಲ್ಲ. ಹಾಗಾಗಿ ನಡುನಡುವೆ ಬುದ್ಧಿ ಹೇಳಿದರೆ ಕೇಳಿಸಿಕೊಳ್ಳಿ, ಅದಕ್ಕೆ ಚಾರ್ಜಿಲ್ಲ.

ಆ ವರ್ಷ ನವರಾತ್ರಿಗೆ ಮುಂಚೆ ಒಂದು ಪ್ರೆಸ್ಸಿನವರು ಅಮ್ಮನನ್ನು ನಂಬಿ ಒಂದು ಲಗ್ನಪತ್ರಿಕೆಯ ಕೆಲಸ ಕೊಟ್ಟಿದ್ದರು. ವಿಜಯದಶಮಿಯ ಮಾರನೆಯ ಬೆಳಿಗ್ಗೆ ಪ್ರೆಸ್ಸು ಬಾಗಿಲು ತೆಗೆಯುವ ಹೊತ್ತಿಗೆ ತಪ್ಪಿಲ್ಲದೆ ತಂದುಕೊಟ್ಟರೆ, ಮದುವೆ ಸೀಸನ್ನಿನ ಟೈಪಿಂಗೆಲ್ಲ ಅವಳಿಗೇ. ತರದಿದ್ದರೆ ಮತ್ತೆ ಫಾಲು, ಸೂಜಿ, ಹೆಗಲುನೋವು. ಅರ್ಧ ಪತ್ರಿಕೆ ಆಗಿತ್ತು, ಅರ್ಧ ಉಳಿದಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮಜ್ಜಿ, ಅಂದರೆ ಅಪ್ಪನ ಅಮ್ಮ, ಹಳ್ಳಿಯಿಂದ ತಂದ ಮಚ್ಚು, ಕುಡುಗೋಲಿನಿಂದ ಹಿಡಿದು ಅಪ್ಪನ ಸ್ಕೂಟರಿನವರೆಗೆ ಒಂದನ್ನೂ ಬಿಡದೆ ಪೂಜೆ ಮಾಡುವವಳು. ಸಿಪಿಯು ಕಡೆ ಬೊಟ್ಟು ಮಾಡಿ, "ಅದ್ನೂ ತತ್ತಾ" ಅಂದಳು.

"ಅದ್ಯಾಕವ್ವ? ಅದು ಆಯುಧವಾ?" ಅಂದ ಅಪ್ಪ.

"ಸುಶೀಲಂಗೆ ಅನ್ನ ಕೊಡೋ ಸಾಮಾನಲ್ವಾ?" ಅಜ್ಜಿ ಅಮ್ಮನ ಕಡೆ ಕೈ ತೋರಿಸಿದಳು. "ಅಂಗಾದ್ರೆ ಆಯುಧವೇ. ನಿಲ್ಸಿದ್ರೆ ಹೂವ ಜಾರ್ತವೆ, ಮಲಗ್ಸು."

ವೈರುಗಳನ್ನೆಲ್ಲ ಬಿಚ್ಚಿ, ಸಿಪಿಯುವನ್ನು ಮಣೆಯ ಮೇಲೆ ಕುಡುಗೋಲಿನ ಪಕ್ಕ ಮಲಗಿಸಿದೆವು. ಸೇವಂತಿಗೆ, ಕುಂಕುಮ, ಅಕ್ಷತೆ, ಕರ್ಪೂರ ಎಲ್ಲವೂ ಆದವು. ಬೀದಿಯಲ್ಲಿ ಒಡೆದ ಬೂದುಗುಂಬಳದ ಹಸಿ ವಾಸನೆ, ಒಳಗೆ ಗಂಧದ ಕಡ್ಡಿಯ ಹೊಗೆ, ಮಡಿಲ ತುಂಬ ಕಡ್ಲೆಪುರಿ. ಪೂಜೆಗಿಟ್ಟ ಸಾಮಾನನ್ನು ಅವತ್ತು ಮುಟ್ಟುವಂತಿಲ್ಲ. ಅಮ್ಮ ದೂರದಿಂದಲೇ ಅದನ್ನು ನೋಡುತ್ತ, ಬೆರಳಲ್ಲಿ ತೊಡೆಯ ಮೇಲೆ ಟೈಪ್ ಮಾಡಿಕೊಳ್ಳುತ್ತಿದ್ದಳು.

ವಿಜಯದಶಮಿಯ ಬೆಳಿಗ್ಗೆ ಜೋಡಿಸಿ ಸ್ವಿಚ್ ಹಾಕಿದಳು. ಲೈಟು ಹತ್ತಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಓಡಿದವು. ಬಣ್ಣ ಬಂತು. ಪತ್ರಿಕೆ ತೆರೆದು ಒಂದು ಸಾಲು ಟೈಪ್ ಮಾಡುವಷ್ಟರಲ್ಲಿ ಟಪ್ ಎಂದು ಆರಿಹೋಯಿತು. ಮತ್ತೆ ಹಾಕಿದಳು. ಈ ಸಲ ಅಕ್ಷರ ಓಡುವುದಕ್ಕೂ ಮುಂಚೆಯೇ ಆರಿತು. ಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಮುಖ ಇಳಿಯಿತು. "ನೆನ್ನೆ ತಾನೇ ಪೂಜೆ ಮಾಡುದ್ನಲ್ಲ" ಎಂದು ತನಗೆ ತಾನೇ ಹೇಳಿಕೊಂಡು ಒಳಗೆ ಹೋಗಿ ಹುರುಳಿಕಾಯಿ ಮುರಿಯುತ್ತ ಕೂತಳು.

ಅಪ್ಪ ಮೂಲೆ ಅಂಗಡಿಯ ಕಾಯಿನ್ ಫೋನಿನಿಂದ ನಾಗೇಶಣ್ಣನ ಜೊತೆ ಮಾತಾಡಿ ಬಂದ. "ಒಳಗಿನ ಬೋರ್ಡ್ ಹೋಗಿದೆಯಂತೆ, ಅದಕ್ಕೆ ವಾರಂಟಿ ಬರಲ್ವಂತೆ. ಸಂಜೆ ಆಟೋ ತಗೊಂಡು ಬಂದು ವಾಪಸ್ ತಗೊಂಡೋಗ್ತಾನೆ. ಗುಜರಿ ರೇಟು ಕೊಡ್ತಾನಂತೆ, ಬಂದಷ್ಟು ಬರ್ಲಿ ಬುಡು."

ಅಮ್ಮ ತಲೆ ಬಗ್ಗಿಸಿ ವೈರು ಸುತ್ತತೊಡಗಿದಳು. ಶರತ್ತಿಗೆ ಒಪ್ಪಿದವಳು ಅವಳೇ ಅಲ್ಲವೇ. ಒಳಗಿನಿಂದ ಅಜ್ಜಿ ಕೇಳಿದಳು:

"ಎಲ್ಲಿಗೋಯ್ತಂತೆ?"

"ಹೋಗೋದು ಅಂದ್ರೆ ಕೆಟ್ಟೋಗೋದು ಕಣವ್ವ."

"ಉದಯಗಿರೀಲಿ ಕೂತಿರೋನ್ಗೆ ಇಲ್ಲಿ ಕೆಟ್ಟಿರೋದು ಎಂಗ್ ಕಾಣ್ತು?"

ಅಮ್ಮ ತಟ್ಟನೆ ತಲೆಯೆತ್ತಿದಳು. ನಿಮಗೂ ಇದನ್ನೇ ಹೇಳುವುದು. 'ಹೋಗಿದೆ' ಎಂಬುದು ವ್ಯಾಪಾರದ ಮಾತು, ಕಾಯಿಲೆಯ ಹೆಸರಲ್ಲ. ಹೇಳುವವನು ಮೋಸಗಾರನೇ ಆಗಿರಬೇಕಿಲ್ಲ. ಅವನು ನೋಡಿಲ್ಲ, ಅಷ್ಟೇ. ನೀವು ನೋಡಿ.

ಆ ಮಧ್ಯಾಹ್ನ ನಾವು ಜಂಬೂಸವಾರಿ ನೋಡಲು ಹೋಗಲಿಲ್ಲ. ಅಮ್ಮ ಸೆರಗು ಸಿಕ್ಕಿಸಿ ಕೂತಳು. ಪೆಟ್ಟಿಗೆ ಬಿಚ್ಚುವಂತಿರಲಿಲ್ಲ. ತಿರುಪಿನ ಮೇಲೆ ನಾಗೇಶಣ್ಣ ಒಂದು ಚೀಟಿ ಅಂಟಿಸಿ, ಅದು ಹರಿದರೆ ವಾರಂಟಿ ಇಲ್ಲ ಎಂದಿದ್ದ. "ಹೊರಗಿಂದ ಎಷ್ಟು ನೋಡಬಹುದೋ ಅಷ್ಟು ನೋಡಣ. ಆದ್ರೆ ಒಂದ್ಸಲಕ್ಕೆ ಒಂದೇ ಬದಲಾಯಿಸೋದು" ಅಂದಳು ನನಗೆ. ಮೊದಲು ಕರೆಂಟು. ಟಿವಿಯ ಪ್ಲಗ್ ಕಿತ್ತು ಅಲ್ಲಿಗೆ ಸಿಪಿಯು ವೈರು ಹಾಕಿದೆವು.

"ಅಂಬಾರಿ ಬರೋ ಹೊತ್ಗೇ ಕೀಳ್ಬೇಕಿತ್ತಾ?" ಅಜ್ಜಿ ಗೊಣಗಿದಳು.

"ಆನೆ ಬನ್ನಿಮಂಟಪ ಸೇರೋದ್ರೊಳಗೆ ಹಾಕ್ಕೊಡ್ತೀನಿ ಕಣಜ್ಜಿ" ಅಂದೆ ನಾನು.

ಅಲ್ಲೂ ಅದೇ ಕತೆ. ಅಂದರೆ ಕರೆಂಟಿನದು ತಪ್ಪಲ್ಲ. ಟಿವಿಯ ಪ್ಲಗ್ಗನ್ನು ಮತ್ತೆ ಅದರ ಜಾಗಕ್ಕೆ ಹಾಕಿದೆ. ಕೀಬೋರ್ಡು ಬಿಚ್ಚಿದೆವು, ಅದೇ. ಮೌಸು ಬಿಚ್ಚಿದೆವು, ಅದೇ. "ಸತ್ತಿರೋದನ್ನ ಇನ್ನೆಷ್ಟು ಸಲ ಎಬ್ಬುಸ್ತೀಯ ಸುಶೀಲ" ಎಂದು ಅಪ್ಪ ದಿಂಬಿಗೆ ಒರಗಿದ. ಅಮ್ಮ ಬೇಸತ್ತು ಎದ್ದು ಕಾಫಿಗೆ ಇಟ್ಟಳು. ಎಲ್ಲರೂ ನಿಧಾನವಾಗಿ ಕುಡಿದೆವು. ಅಜ್ಜಿಗೆ ಅಂಬಾರಿಯೂ ಕಂಡಿತು. ಆಮೇಲೆ ಸುಮ್ಮನೆ ಸ್ವಿಚ್ ಹಾಕಿದರೆ, ಕಂಪ್ಯೂಟರು ಮತ್ತೆ ಬಣ್ಣ ಬರುವವರೆಗೂ ಬಂತು. ಅಪ್ಪ ಭಾನುವಾರ ಆಡುತ್ತಿದ್ದ ಇಸ್ಪೀಟಿನ ಆಟವೂ ತೆರೆಯಿತು. ರಾಜ ರಾಣಿಯರೆಲ್ಲ ಹರಡಿಕೊಂಡರು. ಆಮೇಲೆ ಟಪ್.

ಅಮ್ಮ ಪೆಟ್ಟಿಗೆಯ ಪಕ್ಕಕ್ಕೆ ಅಂಗೈ ಇಟ್ಟಳು. ನನ್ನ ಕೈಯನ್ನೂ ಎಳೆದು ಇಟ್ಟಳು. ದೋಸೆಕಲ್ಲಿನ ಪಕ್ಕದಲ್ಲಿ ಬಿಟ್ಟ ತಟ್ಟೆಯ ಹಾಗೆ ಬಿಸಿ.

"ರೀ, ಏಳಿ. ಚಟ್ನಿ ಜಾಸ್ತಿ ರುಬ್ಬಿದ್ರೆ ಮಿಕ್ಸಿ ನಿಂತ್ಕೊಳುತ್ತಲ್ಲ, ಆವಾಗ ಮಿಕ್ಸಿ ಹೋಯ್ತು ಅಂತೀವಾ? ಸ್ವಲ್ಪ ಹೊತ್ತು ಬಿಟ್ಟು ಕೆಳಗಿನ ಬಟನ್ ಒತ್ತಲ್ವಾ?"

"ಅದಕ್ಕೂ ಇದಕ್ಕೂ ಏನೇ?"

"ಬೋರ್ಡು ಹೋಗಿದ್ರೆ ರೆಸ್ಟ್ ಕೊಟ್ರೂ ಬರ್ತಿರ್ಲಿಲ್ಲ. ರೆಸ್ಟ್ ಕೊಟ್ಟಷ್ಟೂ ಜಾಸ್ತಿ ಹೊತ್ತು ನಿಲ್ತಾ ಇದೆ. ಇದು ಕೆಟ್ಟಿಲ್ಲ ಕಣ್ರೀ. ಇದಕ್ಕೆ ಸುಸ್ತಾಗ್ತಾ ಇದೆ."

ದೀಪ ಹಚ್ಚುವ ಹೊತ್ತಿಗೆ ನಾಗೇಶಣ್ಣ ಬಂದ. ಹಣೆ ತುಂಬ ಕುಂಕುಮ, ಜೇಬಿನಲ್ಲಿ ಸ್ಕ್ರೂಡ್ರೈವರು. ಗೇಟಿನಲ್ಲಿ ಆಟೋ ಕಾಯುತ್ತಿತ್ತು. ನಿಂತುಕೊಂಡೇ ಒಮ್ಮೆ ಸ್ವಿಚ್ ಹಾಕಿ, ಆರಿದ್ದು ನೋಡಿ, "ಹೇಳಲಿಲ್ವಾ ಅಕ್ಕ, ಬೋರ್ಡು" ಅಂದ.

"ಬಿಚ್ಚಿ ತೋರ್ಸಿ ನಾಗೇಶಣ್ಣ."

"ಬಿಚ್ಚಿದ್ರೆ ವಾರಂಟಿ ಹೋಗ್ಬುಡುತ್ತೆ ಅಕ್ಕ."

"ಬೋರ್ಡೇ ಹೋದ್ಮೇಲೆ ವಾರಂಟಿ ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ?"

ಅಪ್ಪ ಕೆಮ್ಮಿದ. ನಗು ಮುಚ್ಚಿಕೊಂಡದ್ದು ಅಂತ ನನಗೆ ಗೊತ್ತಾಯಿತು. ಅಮ್ಮ ಮುಂದುವರಿಸಿದಳು. "ಒಂದು ಮಾತು ಆಗ್ಲಿ. ಬೋರ್ಡೇ ಆಗಿದ್ರೆ ನೀವು ಹೇಳಿದ ರೇಟಿಗೆ ಎತ್ಕೊಂಡೋಗಿ, ನಾನು ತುಟಿ ಬಿಚ್ಚಲ್ಲ. ಬೇರೆ ಏನಾದ್ರೂ ಆಗಿದ್ರೆ, ಬಂದಿದ್ದಕ್ಕೆ ಕಾಫಿ ಮಾತ್ರ."

ನಾಗೇಶಣ್ಣ ಒಪ್ಪಿದ. ಅವನಿಗೆ ಅಷ್ಟು ಖಾತ್ರಿ. ಚೌಕಾಸಿ ಮಾಡುವವರೆಲ್ಲ ಇದನ್ನು ನೆನಪಿಟ್ಟುಕೊಳ್ಳಿ: ಬಾಯಿಯ ಜೋರಿನಿಂದ ಯಾರೂ ಗೆಲ್ಲುವುದಿಲ್ಲ. ಎದುರಿನವನಿಗಿಂತ ಒಂದು ವಿಷಯ ಹೆಚ್ಚು ತಿಳಿದುಕೊಂಡು ಕೂತವರು ಗೆಲ್ಲುತ್ತಾರೆ. ಅಮ್ಮ ಆ ಬಿಸಿಯ ವಿಷಯ ಹೇಳಿಯೇ ಇರಲಿಲ್ಲ.

ಚೀಟಿ ಹರಿಯಿತು, ತಿರುಪು ಬಿಚ್ಚಿತು, ಪಕ್ಕದ ತಗಡು ಸರಿಯಿತು. ಅದರ ಜಾಲರಿ ತೂತುಗಳ ಹಿಂದೆ, ಬೋರ್ಡಿನ ಮೇಲೆ ಅಂಗೈಯಗಲದ ಒಂದು ಫ್ಯಾನು. ಸ್ವಿಚ್ ಹಾಕಿದರೆ ಅದು ತಿರುಗಲಿಲ್ಲ, ನಿಂತಲ್ಲೇ ನಡುಗಿತು. ಆರಿಸಿ, ಅಮ್ಮ ಬಗ್ಗಿ ನೋಡಿದಳು. ತಲೆಯಿಂದ ಒಂದು ಪಿನ್ನು ತೆಗೆದು ಫ್ಯಾನಿನ ಅಂಚಿಗೆ ಹಾಕಿ ಮೀಟಿದಳು. ಅರಿಸಿನ ಹಚ್ಚಿದ ಒಂದು ಅಕ್ಕಿಕಾಳು ಅವಳ ಅಂಗೈಗೆ ಬಿತ್ತು.

ನಾಗೇಶಣ್ಣ ಬಾಯಿ ತೆರೆದ. "ಇದು ಅಕ್ಷ..."

"ಧೂಳು ನಾಗೇಶಣ್ಣ" ಎಂದು ಅಮ್ಮ ಮುಷ್ಟಿ ಮುಚ್ಚಿದಳು. ಕಣ್ಣಲ್ಲೇ ಒಳಗೆ ಅಜ್ಜಿ ಕೂತಿದ್ದ ಕಡೆ ತೋರಿಸಿದಳು.

ಅವನಿಗೆ ಅರ್ಥವಾಯಿತು. "ಹೌದೌದು, ಧೂಳು. ವಿಪರೀತ ಧೂಳು."

"ಏನಂತೆ ಮಗ?" ಅಜ್ಜಿ ನನ್ನನ್ನು ಕೇಳಿದಳು.

"ಧೂಳಂತೆ ಅಜ್ಜಿ."

"ದಿನಾ ಸೆರಗಲ್ಲಿ ಒರುಸ್ತೀನಲ್ಲ, ಎಲ್ಲಿ ಧೂಳು?" ಎನ್ನುತ್ತ ಎದ್ದು ಬಂದಳು. ನೇರವಾಗಿ ಅಮ್ಮನ ಮುಂದೆ ನಿಂತು, "ಕೈ ಬುಡ್ಸು" ಅಂದಳು. ಅಮ್ಮ ಮುಷ್ಟಿ ಬಿಚ್ಚಿದಳು. ಅಜ್ಜಿ ಆ ಕಾಳನ್ನು ಎತ್ತಿ ಬೆಳಕಿಗೆ ಹಿಡಿದಳು.

"ನಿಮ್ಮೂರಲ್ಲಿ ಧೂಳ್ಗೆ ಅರಿಸ್ನ ಹಚ್ತಾರಾ ಸುಶೀಲ?"

ಆಟೋದವನು ಹಾರ್ನ್ ಒತ್ತಿದ. ಅಮ್ಮ ಮೆಲ್ಲಗೆ, "ಅತ್ತೆ, ಇದೇನೂ ಕೆಟ್ಟಿಲ್ಲ. ಫ್ಯಾನಿಗೆ ಅಡ್ಡ ಸಿಕ್ಕಿತ್ತು, ಅಷ್ಟೇ" ಎಂದು ಮತ್ತೆ ಸ್ವಿಚ್ ಹಾಕಿದಳು. ಫ್ಯಾನು ಗುಂಯ್ ಎಂದಿತು. ಅಕ್ಷರ ಓಡಿದವು, ಬಣ್ಣ ಬಂತು, ನಿಂತಿತು. ನಾವೆಲ್ಲ ಟಪ್ ಅನ್ನುವುದಕ್ಕಾಗಿ ಕಾದೆವು. ಅನ್ನಲಿಲ್ಲ.

"ಅಂಗಾದ್ರೆ ನನ್ ಪೂಜೆ ಕೆಟ್ಟದ್ದಾಗಿಲ್ಲ" ಅಂದಳು ಅಜ್ಜಿ, ನಿಧಾನವಾಗಿ. "ವಸಿ ಜಾಸ್ತಿಯಾಯ್ತು."

ಮೊದಲು ನಕ್ಕವನು ನಾಗೇಶಣ್ಣ. ಕಾಫಿ ಕುಡಿಯುತ್ತ, "ಆಟೋದ್ದಾದ್ರೂ ಕೊಡಿ ಅಕ್ಕ" ಎಂದು ನೋಡಿದ. ಅಮ್ಮ ಒಂದು ಪೊಟ್ಟಣ ಕಡ್ಲೆಪುರಿ, ಒಂದು ತೆಂಗಿನಕಾಯಿ ಕೊಟ್ಟು, "ಮಾತು ಅಂದ್ರೆ ಮಾತು" ಅಂದಳು. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಹರಿದ ಚೀಟಿಯ ಜಾಗಕ್ಕೆ ಜೇಬಿನಿಂದ ಹೊಸ ಚೀಟಿ ತೆಗೆದು ತಾನೇ ಅಂಟಿಸಿ ಹೋದ.

ಆ ಸಂಜೆ ಅಮ್ಮ ಉಳಿದರ್ಧ ಟೈಪ್ ಮಾಡಿದಳು. ಓದು ಬರದ ಅಜ್ಜಿ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು, ಒಂದೊಂದು ಹೆಸರನ್ನೂ ಜೋರಾಗಿ ಓದಿಸಿಕೊಂಡಳು. "ಸೋದರಮಾವ ಇಷ್ಟು ಕೆಳೀಕಾ? ನಾಳೆ ಛತ್ರದಲ್ಲಿ ಜಗಳ ಆಗ್ತದೆ, ಮ್ಯಾಕ್ಕೆ ತಗೊ" ಅಂದಳು. ಅಮ್ಮ ಕಾಯಿನ್ ಫೋನಿನಿಂದ ಮದುವೆ ಮನೆಯವರನ್ನು ವಿಚಾರಿಸಿ ಆ ಹೆಸರನ್ನು ಮೇಲಕ್ಕೆ ತಂದಳು. ಬೆಳಿಗ್ಗೆ ಪ್ರೆಸ್ಸಿನವರು ಪತ್ರಿಕೆ ಓದಿ, ಮಾವನ ಹೆಸರಿನ ಮೇಲೆ ಬೆರಳಿಟ್ಟು, "ಇದು ನಾವೇ ಮರೆತಿದ್ವಲ್ಲಮ್ಮ" ಅಂದರಂತೆ. ಆ ಸೀಸನ್ನು ಅಮ್ಮನದಾಯಿತು, ಅದರ ಮುಂದಿನವೂ. ರಿಪೇರಿಯ ಶರತ್ತನ್ನು ಅಪ್ಪ ಮತ್ತೆ ಎತ್ತಲಿಲ್ಲ. ಫಾಲಿನ ಸೀರೆಗಳು ಬರುವುದು ನಿಂತಿತು.

ಈಗ ಅಜ್ಜಿ ಇಲ್ಲ. ಪ್ರೆಸ್ಸು ಮುಚ್ಚಿದೆ. ಲಗ್ನಪತ್ರಿಕೆ ಮೊಬೈಲಿಗೆ ಬರುತ್ತದೆ, ಹಾಡಿನ ಸಮೇತ. ಅಮ್ಮ ಅದನ್ನೂ ಕಲಿತು, ಈಗ ಫೋನಿನಲ್ಲೇ ಅವನ್ನು ಮಾಡಿಕೊಡುತ್ತಾಳೆ, ಗಿರಾಕಿಗಳೂ ಇದ್ದಾರೆ. ಆದರೆ ಆ ಪುಟ್ಟ ಪರದೆಯಲ್ಲಿ ಅವಳೊಬ್ಬಳೇ ನೋಡಬಹುದು. ಹೆಗಲ ಮೇಲಿನಿಂದ ಇಣುಕಿ ಯಾರ ಮಾವ ಎಲ್ಲಿರಬೇಕೆಂದು ಹೇಳುವವರಿಲ್ಲ. ಸಾಮಾನು ನಿಂತುಹೋದರೆ ಮನೆಮಂದಿಯೆಲ್ಲ ಸುತ್ತ ಕೂತು ತಪ್ಪುತಪ್ಪಾಗಿ ಊಹಿಸುವ ಆ ಮಧ್ಯಾಹ್ನಗಳಿಲ್ಲ. ನನ್ನ ಅಂಗಡಿಗೆ ಬರುವವರೂ ಮಿಷನ್ ಬಿಟ್ಟು, "ಆದ್ಮೇಲೆ ಫೋನ್ ಮಾಡಿ" ಎಂದು ಹೊರಟುಬಿಡುತ್ತಾರೆ. ಏನಾಗಿತ್ತು ಎಂದು ಕೇಳುವವರು ಅಪರೂಪ.

ಮೊನ್ನೆ ಅಮ್ಮನ ಮನೆಗೆ ಹೋಗಿದ್ದೆ. ಫೋನು ಮುಂದಿಟ್ಟುಕೊಂಡು ಕೂತಿದ್ದಳು. "ನೋಡೇ, ಫೋಟೋ ಹಾಕಿದ ತಕ್ಷಣ ಇದು ಆಫ್ ಆಗ್ತಾ ಇದೆ. ಬರೀ ಅಕ್ಷರ ಆದ್ರೆ ಆಗಲ್ಲ." ಹಳೇ ಫೋನು, ಒಳ್ಳೆ ಎಕ್ಸ್‌ಚೇಂಜ್ ರೇಟು ನಾನೇ ಕೊಡಿಸಬಲ್ಲೆ. ಹೊಸದು ತಗೋಮ್ಮ ಅನ್ನಲು ಬಾಯಿ ತೆರೆದವಳು, ಅವಳ ಮುಖ ನೋಡಿದೆ. ಬೇಸರ ಇರಲಿಲ್ಲ ಅಲ್ಲಿ. ಏನೋ ಒಂದು ಎಳೆ ಸಿಕ್ಕಿದವಳ ಹಾಗಿದ್ದಳು. ಅಂಗಡಿಗೆ ಫೋನ್ ಮಾಡಿ ಬರುವುದು ತಡವಾಗುತ್ತದೆ ಅಂದೆ. ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತೆ.